ಪೆಟ್ಟಿಗೆಯಲ್ಲಿ ಉಳಿದ ಗೊಂಬೆಗಳು

(ನವರಾತ್ರಿ ಉತ್ಸವದ ಮಹಿಳಾ ಗೋಷ್ಠಿಯಲ್ಲಿ ಮಾಡಿದ ಭಾಷಣ)



ಚರ್ಪು ಹಂಚುವ ಹೊತ್ತಾಯಿತೆಂದು ನನಗೂ ಗೊತ್ತು. ಹೆಚ್ಚು ಸಮಯ ತೆಗೆದುಕೊಳ್ಳುವುದಿಲ್ಲ.

ನಮ್ಮ ಹೊಸೂರಿನಲ್ಲಿ ನಾವು ಗೊಂಬೆ ಕೂರಿಸುವುದು ಎಂದರೆ, ಪಕ್ಕದ ಮನೆಯ ತಮಿಳರು ಕೊಲು ಎನ್ನುತ್ತಾರೆ, ಎದುರು ಮನೆಯ ತೆಲುಗರು ಬೊಮ್ಮಲ ಕೊಲುವು ಎನ್ನುತ್ತಾರೆ. ಹೆಸರು ಮೂರಾದರೂ ಅಟ್ಟದ ಮೇಲಿನ ಪೆಟ್ಟಿಗೆಗಳ ಕಥೆ ಒಂದೇ. ವರ್ಷಕ್ಕೊಂದಾದರೂ ಹೊಸ ಗೊಂಬೆ ಸೇರಬೇಕೆಂಬ ರೂಢಿಯಿಂದ ಪೆಟ್ಟಿಗೆಗಳು ಹೆಚ್ಚುತ್ತ ಹೋದವು. ಮೆಟ್ಟಿಲುಗಳು ಮಾತ್ರ ಒಂಬತ್ತರಿಂದ ಐದಕ್ಕೆ, ಐದರಿಂದ ಮೂರಕ್ಕೆ ಇಳಿದವು. ಕೂರಿಸುತ್ತಿದ್ದ ಹೆಣ್ಣುಮಕ್ಕಳು ಬೆಂಗಳೂರಿಗೋ ಅದಕ್ಕೂ ಆಚೆಗೋ ಹೋದರು. ನಮ್ಮ ಮನೆಯಲ್ಲೇ ಎರಡು ಪೆಟ್ಟಿಗೆಗಳ ಮುಚ್ಚಳ ತೆಗೆದು ವರ್ಷಗಳಾಗಿವೆ.

ಕೆಲವು ವರ್ಷಗಳ ಹಿಂದೆ, ವಿಜಯದಶಮಿಯ ಮರುದಿನ, ಬೇಡವಾದ ಗೊಂಬೆಗಳನ್ನು ಬುಟ್ಟಿಗೆ ತುಂಬಿ ಗುಲಾಬಿ ತೋಟದ ಕೂಲಿಯವರ ಶೆಡ್ಡುಗಳಿಗೆ ಒಯ್ದೆ. ಪುಣ್ಯದ ಕೆಲಸವೆಂಬ ಹೆಮ್ಮೆಯೂ ಇತ್ತೆನ್ನಿ. ಆ ವರ್ಷ ಕೆಳಗಿಳಿಸುವಾಗ ಶೆಟ್ಟಿಯ ಗೊಂಬೆ ಕೈಜಾರಿ ಒಡೆದಿತ್ತು. ಒಂಟಿಯಾಗಿ ಉಳಿದ ಶೆಟ್ಟಿತಿಯನ್ನು ಏಳೆಂಟು ವರ್ಷದ ಒಬ್ಬ ಹುಡುಗಿಯ ಕೈಗಿತ್ತೆ. ತಾಯಿಯೊಡನೆ ನಮ್ಮ ಮನೆಗೆ ಗೊಂಬೆ ನೋಡಲು ಬಂದಿದ್ದವಳೇ ಅವಳು. ತಿರುಗಿಸಿ ನೋಡಿ, “ಅಜ್ಜಿ, ಅಂಗಡಿ ಇಟ್ಕೊಂಡು ಕೂತಿದ್ದ ತಾತ ಎಲ್ಲಿ?” ಎಂದಳು. ಒಡೆದುಹೋಯಿತು ಮಗು ಎಂದೆ. “ಅದಕ್ಕೇ ಕೊಟ್ರಾ?” ಎಂದಳು. ಕೊಂಕಿನ ಮಾತಲ್ಲ, ತಿಳಿದುಕೊಳ್ಳಲು ಕೇಳಿದ್ದು. ಅಷ್ಟರಲ್ಲಿ ಅವಳ ಪುಟ್ಟ ತಮ್ಮ ಇನ್ನೊಂದು ಗೊಂಬೆಯ ಕಾಲನ್ನು ಬಾಯಿಗಿಟ್ಟಿದ್ದ. ಬಣ್ಣದ ಚಕ್ಕೆ ತುಟಿಗೆ ಅಂಟಿತ್ತು. ತಾಯಿ ಸೆರಗಿನಿಂದ ಒರೆಸಿದಳು, ನನ್ನನ್ನು ಏನೂ ಅನ್ನಲಿಲ್ಲ. ನಾನು ಬುಟ್ಟಿಯನ್ನು ಹಿಂದಕ್ಕೆ ತಂದೆ.

ಈ ತೊಡಕು ನನಗೊಬ್ಬಳಿಗೇ ಬಂದದ್ದಲ್ಲ. ಅಮೆರಿಕದಲ್ಲಿ ಕ್ರಿಸ್‌ಮಸ್ಸಿಗೆ ಬಡಮಕ್ಕಳಿಗೆ ಆಟಿಕೆ ಹಂಚುವ ‘ಟಾಯ್ಸ್ ಫಾರ್ ಟಾಟ್ಸ್’ ಎಂಬ ಕಾರ್ಯ 1947ರಲ್ಲಿ ಲಾಸ್ ಏಂಜಲೀಸಿನಲ್ಲಿ ಆರಂಭವಾಯಿತು. ಬಿಲ್ ಹೆಂಡ್ರಿಕ್ಸ್ ಎಂಬ ಸೇನಾಧಿಕಾರಿಯ ಹೆಂಡತಿ ಡಯಾನ್ ತಾವೇ ಮಾಡಿದ ಒಂದು ಗೊಂಬೆಯನ್ನು ಕೊಟ್ಟು ಬಾ ಎಂದರಂತೆ. ಕೊಡಲು ಯಾವ ಸಂಸ್ಥೆಯೂ ಸಿಗಲಿಲ್ಲ, ಹಾಗಾದರೆ ನೀನೇ ಶುರುಮಾಡು ಎಂದರು. ಮೊದಲ ವರ್ಷವೇ 5,000 ಆಟಿಕೆಗಳು ಕೂಡಿದವು. ಹಳೆಯ ಆಟಿಕೆಗಳನ್ನು ಸೈನಿಕರೇ ರಿಪೇರಿ ಮಾಡಿ, ಬಣ್ಣ ಬಳಿದು ಕೊಡುತ್ತಿದ್ದರು. 1980ರಿಂದ ಹೊಸ ಆಟಿಕೆಗಳನ್ನು ಮಾತ್ರ ತೆಗೆದುಕೊಳ್ಳುತ್ತಾರೆ. ಮಕ್ಕಳ ಸುರಕ್ಷತೆ ಒಂದು ಕಾರಣ. ಬೇರೆಯವರು ಬಿಟ್ಟದ್ದನ್ನೇ ಪಡೆಯುವ ಮಗುವಿಗೆ ತನ್ನ ಬಗ್ಗೆ ಏನನ್ನಿಸೀತು ಎಂಬುದು ಇನ್ನೊಂದು.

ನಾವು ಅಷ್ಟು ಕಟ್ಟುನಿಟ್ಟಾಗಬೇಕಿಲ್ಲ. ಆದರೆ ಬಾಗಿನದ ಮೊರಕ್ಕೆ ಸೀಳಿದ ಬಳೆ ಇಡುತ್ತೇವೆಯೆ? ಪಟ್ಟದ ಗೊಂಬೆಗಳು ತವರಿನಿಂದ ಬಂದವು, ಅವು ಮನೆಯಲ್ಲೇ ಇರಲಿ. ಮಣ್ಣಿನವು, ಪ್ಲಾಸ್ಟರಿನವು ನೋಡುವುದಕ್ಕೆ ಮಾಡಿದವು; ಹಳೆಯ ಬಣ್ಣದಲ್ಲಿ ಸೀಸ ಇರಬಹುದು, ಚಿಕ್ಕ ಮಕ್ಕಳಿಗೆ ಬೇಡವೇ ಬೇಡ. ಆಲೆ ಮರವನ್ನು ಕಡೆದು ಅರಗಿನ ಬಣ್ಣ ಹಚ್ಚಿದ ಚನ್ನಪಟ್ಟಣದ ಬುಗುರಿ, ಬಂಡಿ, ಅಡಿಗೆ ಸಾಮಾನು ಆಡುವುದಕ್ಕೇ ಇರುವಂಥವು. ಮೆಟ್ಟಿಲ ಕೆಳಗಿನ ಪಾರ್ಕಿನಲ್ಲಿ ನಿಲ್ಲಿಸಲು ತಂದು, ಮಕ್ಕಳಿಗೆ ಮುಟ್ಟಲೂ ಬಿಡದೆ ಡಬ್ಬಿಯಲ್ಲೇ ಇಟ್ಟ ಕಾರುಗಳೂ ಇವೆ. ನನ್ನ ಮಗನ ಹನ್ನೊಂದು ಕಾರುಗಳಿವೆ. ಫೋನಿನಲ್ಲಿ ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, “ಕೆಂಪು ಬಸ್ಸೊಂದು ಬಿಟ್ಟು ಕೊಡಮ್ಮ” ಎಂದ.

ದಶಮಿಯ ಮರುದಿನ ಬೆಳಿಗ್ಗೆ ಸಮಿತಿಯ ಕೋಣೆಯಲ್ಲಿ ಬುಟ್ಟಿ ಇಟ್ಟಿರುತ್ತೇವೆ. ಒರೆಸಿ, ಜೋಡಿಯಾಗಿದ್ದರೆ ಜೋಡಿಯಾಗಿಯೇ ತನ್ನಿ. ಶೆಟ್ಟಿತಿ ಈಗಲೂ ನಮ್ಮ ಮನೆಯಲ್ಲಿದ್ದಾಳೆ. ಅವಳ ಎತ್ತರಕ್ಕೆ ಹೊಂದುವ ಶೆಟ್ಟಿಯೊಬ್ಬ ಯಾರ ಪೆಟ್ಟಿಗೆಯಲ್ಲಾದರೂ ಇದ್ದರೆ ದಯವಿಟ್ಟು ತಿಳಿಸಿ. ಆ ಹುಡುಗಿ ಈಗ ಒಂಬತ್ತನೆಯ ತರಗತಿ. ಗೊಂಬೆ ನೋಡಲು ಈ ವರ್ಷವೂ ಬಂದಿದ್ದಳು.