ಮಟ್ಟ ನೋಡುವ ಕಣ್ಣು

ಮನೆಯ ಮಾಳಿಗೆಯ ಮೇಲಿನ ನೀರಿನ ತೊಟ್ಟಿ ತುಂಬಿ ಹರಿದರೆ ಹಾನಿ ನಾಲ್ಕು ಕೊಡ ನೀರು ಮಾತ್ರ. ಯಾರಾದರೂ ಕೂಗಿ ಹೇಳುತ್ತಾರೆ, ಪಂಪು ನಿಲ್ಲುತ್ತದೆ. ಆದರೆ ತೊಟ್ಟಿಯಲ್ಲಿರುವುದು ಪೆಟ್ರೋಲೋ ಆಮ್ಲವೋ ಆಗಿದ್ದು, ಇಣುಕಿ ನೋಡುವುದೇ ಅಪಾಯವಾದರೆ ಏನು ಮಾಡಬೇಕು? ಆಗ ನಮ್ಮ ಕಣ್ಣಿಗೆ ಬದಲಾಗಿ ಒಂದು ಉಪಕರಣ ನೋಡಬೇಕಾಗುತ್ತದೆ. ಇಂಥ ಕಣ್ಣುಗಳನ್ನು ಮಾಡಿ ಮಾರುವುದೇ ಇಂದು ಒಂದು ದೊಡ್ಡ ವ್ಯಾಪಾರ. ಹಾಲಿನ ಡೈರಿ, ಸಕ್ಕರೆ ಕಾರ್ಖಾನೆ, ಔಷಧದ ಕಾರ್ಖಾನೆ, ಎಣ್ಣೆಯ ಉಗ್ರಾಣ ಎಲ್ಲವೂ ಅದರ ಗಿರಾಕಿಗಳೇ.

ಈ ಅಂಗಡಿಯ ಸರಕು ಹಲವು ಬಗೆ. ಎಲ್ಲಕ್ಕೂ ಹಳೆಯದು ತೇಲುವ ಗುಂಡು. ದ್ರವದ ಆಳ ಹೆಚ್ಚಿದಂತೆ ತಳದ ಒತ್ತಡವೂ ಹೆಚ್ಚುತ್ತದಷ್ಟೆ. ಆ ಒತ್ತಡದಿಂದಲೇ ಮಟ್ಟವನ್ನು ಲೆಕ್ಕಹಾಕುವುದು ಇನ್ನೊಂದು ಬಗೆ. ಶಬ್ದದ ಅಲೆಯನ್ನು ಮೇಲಿನಿಂದ ಕಳುಹಿಸಿ, ಅದು ದ್ರವಕ್ಕೆ ತಾಗಿ ಮರಳುವ ಕಾಲವನ್ನು ಅಳೆಯುವುದು ಮತ್ತೊಂದು. ನಿಮ್ಮ ರೇಡಿಯೋ ಹಿಡಿಯುವ ಅಲೆಗಳ ಬಳಗಕ್ಕೇ ಸೇರಿದ ಅಲೆಗಳಿಂದ ಇದೇ ಕೆಲಸವನ್ನು ಮಾಡುವುದು ರೇಡಾರ್. ಒಂದೊಂದಕ್ಕೂ ಒಂದೊಂದು ಮಿತಿಯುಂಟು. ನೊರೆ ಬಂದರೆ ಶಬ್ದದ ಅಲೆ ತಡವರಿಸುತ್ತದೆ; ದ್ರವದ ಸಾಂದ್ರತೆ ಬದಲಾದರೆ ಒತ್ತಡದ ಲೆಕ್ಕ ತಪ್ಪುತ್ತದೆ. ಆದುದರಿಂದ ಕೊಳ್ಳುವವನು ಬೆಲೆಯನ್ನಷ್ಟೇ ಕೇಳಿದರೆ ಸಾಲದು.

ಇದರ ಸತ್ಯ ತಿಳಿಯಬೇಕಾದರೆ ಇಂಗ್ಲೆಂಡಿನ ಕಡೆ ನೋಡೋಣ. ಲಂಡನ್ನಿನ ಉತ್ತರಕ್ಕೆ ಬನ್ಸ್‌ಫೀಲ್ಡ್ ಎಂಬಲ್ಲಿ ಎಣ್ಣೆಯ ದೊಡ್ಡ ಉಗ್ರಾಣವಿತ್ತು. 2005ರ ಡಿಸೆಂಬರ್ 10ರ ಸಂಜೆ ಅಲ್ಲಿನ 912ನೆಯ ತೊಟ್ಟಿಗೆ ಪೆಟ್ರೋಲ್ ತುಂಬತೊಡಗಿತು. ನಡುರಾತ್ರಿ ಕಳೆದ ಮೇಲೆ ಮಟ್ಟದ ಮಾಪಕ ಸಿಕ್ಕಿಕೊಂಡಿತು. ತೊಟ್ಟಿ ತುಂಬುತ್ತಲೇ ಇತ್ತು. ಮಾಪಕ ತೋರಿಸುವ ಅಳತೆ ಮಾತ್ರ ನಿಂತಲ್ಲೇ ನಿಂತಿತ್ತು. ಆ ಮಾಪಕ ಆಗಸ್ಟ್ ಕೊನೆಯಿಂದ ಅಷ್ಟರೊಳಗೆ 14 ಸಲ ಹೀಗೆ ಸಿಕ್ಕಿಕೊಂಡಿತ್ತೆಂದು ಆಮೇಲಿನ ತನಿಖೆ ಹೇಳಿತು. ಅದನ್ನೇ ನಂಬಿದ್ದ ಎಚ್ಚರಿಕೆಯ ಗಂಟೆಗಳೂ ಬಾರಿಸಲಿಲ್ಲ.

ಇಂಥ ಸಮಯಕ್ಕೆಂದೇ ತೊಟ್ಟಿಯ ನೆತ್ತಿಯಲ್ಲಿ ಎರಡನೆಯ ಕಾವಲುಗಾರನಾಗಿ ಬೇರೊಂದು ಸ್ವಿಚ್ ಇತ್ತು. ಅದನ್ನು ಪರೀಕ್ಷಿಸಲು ಒಂದು ಹಿಡಿ. ಪರೀಕ್ಷೆಯ ನಂತರ ಹಿಡಿಯನ್ನು ಸರಿಯಾದ ಜಾಗದಲ್ಲಿ ನಿಲ್ಲಿಸಲು ಒಂದು ಬೀಗ. ಬೀಗವಿಲ್ಲದಿದ್ದರೆ ಹಿಡಿ ಜಾರಿ ಸ್ವಿಚ್ ನಿಷ್ಪ್ರಯೋಜಕವಾಗುತ್ತಿತ್ತು. ಮಾರಿದವರು ಈ ಮುಖ್ಯ ಸಂಗತಿಯನ್ನು ಕೊಂಡವರಿಗೆ ಸ್ಪಷ್ಟವಾಗಿ ತಿಳಿಸಿರಲಿಲ್ಲ. ಬೀಗದ ಮಹತ್ವ ತಿಳಿಯದೆ ಅದನ್ನು ಹಾಕದೆಯೇ ಬಿಟ್ಟಿದ್ದರು!

ಎರಡೂವರೆ ಲಕ್ಷ ಲೀಟರಿಗೂ ಹೆಚ್ಚು ಪೆಟ್ರೋಲ್ ಹೊರಚೆಲ್ಲಿ ಮಂಜಿನಂತೆ ಹರಡಿತು. 11ರ ಭಾನುವಾರ ಮುಂಜಾನೆ 6 ಗಂಟೆ 1 ನಿಮಿಷಕ್ಕೆ ಸಿಡಿಯಿತು. ಬೆಂಕಿ ದಿನಗಟ್ಟಲೆ ಉರಿಯಿತು. 43 ಮಂದಿ ಗಾಯಗೊಂಡರು. ರಜಾದಿನದ ಮುಂಜಾನೆಯಾದ್ದರಿಂದ ಸುತ್ತಲಿನ ಕಚೇರಿಗಳು ಬರಿದಾಗಿದ್ದವು, ಯಾರೂ ಸಾಯಲಿಲ್ಲ. 2010ರಲ್ಲಿ ನ್ಯಾಯಾಲಯ ಐದು ಕಂಪನಿಗಳಿಗೆ ದಂಡ ವಿಧಿಸಿತು. ಸ್ವಿಚ್ಚನ್ನು ಒದಗಿಸಿದ ಕಂಪನಿಯೂ ಅವುಗಳಲ್ಲಿ ಒಂದು.

ನ್ಯಾಯಾಲಯ ಅದನ್ನೂ ಹೊಣೆ ಮಾಡಿದ್ದು ಉಚಿತವೇ. ಉಪಕರಣವನ್ನು ಮಾರುವವನು ಅದರ ತಿಳಿವಳಿಕೆಯನ್ನೂ ಜೊತೆಗೆ ಕೊಡಬೇಕು. ಅದಿಲ್ಲದ ಮಾರಾಟ ಅರ್ಧ ಮಾರಾಟ. ಕೊಳ್ಳುವವನಿಗೂ ಕರ್ತವ್ಯವುಂಟು. ಎರಡು ಕಣ್ಣುಗಳನ್ನು ಕೊಂಡರೆ ಅವು ಒಂದನ್ನೊಂದು ಅವಲಂಬಿಸದೆ ಇರಬೇಕು, ಎರಡೂ ಆಗಾಗ ಪರೀಕ್ಷೆಗೆ ಒಳಗಾಗಬೇಕು. ಹದಿನಾಲ್ಕು ಸಲ ಸುಳ್ಳು ಹೇಳಿದ ಸಾಕ್ಷಿಯನ್ನು ಹದಿನೈದನೆಯ ಸಲ ಯಾರು ನಂಬುತ್ತಾರೆ? ಮನುಷ್ಯನ ವಿಷಯದಲ್ಲಿ ನಾವು ಇಷ್ಟು ಎಚ್ಚರ ವಹಿಸುತ್ತೇವೆ. ಯಂತ್ರದ ವಿಷಯದಲ್ಲಿಯೂ ಅಷ್ಟೇ ಎಚ್ಚರ ಬೇಕು.