ಕೋಳಿ, ಪಾರಿವಾಳಗಳಿಂದ ಮನುಷ್ಯರಿಗೆ ಹರಡುವ ರೋಗಗಳು



ಹೊಸಕೋಟೆ, ಕೋಲಾರದ ಕಡೆಯಿಂದ ಕೃಷ್ಣರಾಜಪುರದ ಮಾರ್ಗವಾಗಿ ಬೆಂಗಳೂರಿಗೆ ಬರುವ ಕೋಳಿ ಹಲವರ ಕೈದಾಟಿ ಅಡಿಗೆಮನೆ ಸೇರುತ್ತದೆ. ಸಾಕಿದವರು, ಲಾರಿಗೆ ತುಂಬಿದವರು, ಶಿವಾಜಿನಗರ, ಹಲಸೂರಿನ ಅಂಗಡಿಗಳಲ್ಲಿ ಕೊಯ್ದು ಪುಕ್ಕ ಕಿತ್ತವರು, ಕೊನೆಗೆ ಮನೆಯಲ್ಲಿ ಬೇಯಿಸುವವರು, ಹೀಗೆ ಎಲ್ಲರೂ ಅದನ್ನು ಮುಟ್ಟುತ್ತಾರೆ. ಕಾಯಿಲೆಯ ಕೋಳಿಯನ್ನು ಯಾರೂ ಮುಟ್ಟಬಯಸುವುದಿಲ್ಲ. ಆದರೆ ಆರೋಗ್ಯವಾಗಿ ಕಾಣುವ ಕೋಳಿಯಿಂದಲೂ ಮನುಷ್ಯರಿಗೆ ರೋಗ ಬರಬಹುದೆಂಬುದು ಅನೇಕರಿಗೆ ತಿಳಿಯದು.

ಕೊಕ್ಕರೆ ರೋಗ, ಹಕ್ಕಿಜ್ವರಗಳು ವೈರಸ್ಸಿನಿಂದ ಬರುವಂಥವು. ಇಲ್ಲಿ ಹೇಳುವುದು ಬ್ಯಾಕ್ಟೀರಿಯಾಗಳಿಂದ ಬರುವ ಮೂರು ಮುಖ್ಯ ರೋಗಗಳನ್ನು ಕುರಿತು.

ಮೊದಲನೆಯದು ಸಾಲ್ಮೊನೆಲ್ಲಾ. ಈ ರೋಗಾಣು ಕೋಳಿಯ ಕರುಳಿನಲ್ಲಿದ್ದು ಹಿಕ್ಕೆಯ ಮೂಲಕ ಹೊರಬೀಳುತ್ತದೆ, ಮೊಟ್ಟೆಗೂ ಸೇರಬಹುದು. ಸರಿಯಾಗಿ ಬೇಯದ ಮಾಂಸ, ಮೊಟ್ಟೆ ತಿಂದವರಿಗೆ ಸಾಮಾನ್ಯವಾಗಿ 6 ಗಂಟೆಯಿಂದ 3 ದಿನಗಳೊಳಗೆ ಜ್ವರ, ಹೊಟ್ಟೆನೋವು, ಭೇದಿ ಕಾಣಿಸಿಕೊಳ್ಳುತ್ತವೆ. ಟೈಫಾಯಿಡ್ ರೋಗಾಣುವೂ ಇದೇ ಗುಂಪಿನದಾದರೂ ಅದು ಕೋಳಿಯಿಂದ ಬರುವುದಿಲ್ಲ.

ಎರಡನೆಯದು ಕ್ಯಾಂಪೈಲೋಬ್ಯಾಕ್ಟರ್. ಕೋಳಿಯ ಮೈಶಾಖ ಸುಮಾರು 41-42 ಡಿಗ್ರಿ ಸೆಲ್ಸಿಯಸ್. ಇದಕ್ಕೆ ಅದು ಬಹಳ ಅನುಕೂಲ. ಕೋಳಿಗೆ ಹೆಚ್ಚಿನ ತೊಂದರೆ ಕೊಡದ ಈ ರೋಗಾಣು ಮನುಷ್ಯರಿಗೆ ಭೇದಿ ಬರಿಸುತ್ತದೆ. ಕೆಲವೊಮ್ಮೆ ರಕ್ತವೂ ಬೀಳುತ್ತದೆ.

ಮೂರನೆಯದು ಗಿಳಿಜ್ವರ, ಅಂದರೆ ಸಿಟಕೋಸಿಸ್. 1929-30ರಲ್ಲಿ ದಕ್ಷಿಣ ಅಮೆರಿಕದಿಂದ ಸಾಗಿಸಿದ ಗಿಳಿಗಳ ಮೂಲಕ ಇದು ಯುರೋಪು, ಅಮೆರಿಕಗಳಲ್ಲಿ ಹರಡಿತ್ತು. ಪಾರಿವಾಳ, ಬಾತುಕೋಳಿ, ಟರ್ಕಿ ಕೋಳಿಗಳಲ್ಲೂ ಇದು ಇರಬಹುದು. ಒಣಗಿದ ಹಿಕ್ಕೆಯ ಧೂಳು ಉಸಿರಿನೊಡನೆ ಒಳಹೋದರೆ 5ರಿಂದ 14 ದಿನಗಳಲ್ಲಿ ಜ್ವರ, ತೀವ್ರ ತಲೆನೋವು, ಒಣಕೆಮ್ಮು ಬಂದು ನ್ಯುಮೋನಿಯಾಕ್ಕೆ ತಿರುಗಬಹುದು. ಮಹಡಿಯ ಮೇಲೆ ಪಾರಿವಾಳ ಸಾಕುವವರು ಇದನ್ನು ಮರೆಯಬಾರದು. ಪೆನಿಸಿಲಿನ್‌ಗೆ ಈ ರೋಗ ಬಗ್ಗುವುದಿಲ್ಲ. ಟೆಟ್ರಾಸೈಕ್ಲಿನ್ ಗುಂಪಿನ ಔಷಧಿ ಬೇಕು. ಆದುದರಿಂದ ಜ್ವರವೆಂದು ಆಸ್ಪತ್ರೆಗೆ ಹೋದವರು ತಾವು ಹಕ್ಕಿ ಸಾಕುವ ಸಂಗತಿಯನ್ನು ತಾವಾಗಿಯೇ ವೈದ್ಯರಿಗೆ ತಿಳಿಸಬೇಕು. ಈ ಒಂದು ಮಾತಿನಿಂದ ಸರಿಯಾದ ಚಿಕಿತ್ಸೆ ಬೇಗ ದೊರೆಯುತ್ತದೆ.

ತಡೆಗಟ್ಟುವ ಕ್ರಮಗಳು ಸುಲಭವಾಗಿವೆ:

1. ಗೂಡನ್ನು ಒಣಗಿದ್ದಂತೆಯೇ ಗುಡಿಸಬಾರದು. ನೀರು ಚಿಮುಕಿಸಿ, ಮೂಗು ಬಾಯಿಗೆ ಬಟ್ಟೆ ಅಥವಾ ಮಾಸ್ಕ್ ಕಟ್ಟಿಕೊಂಡು ತೆಗೆಯಬೇಕು.

2. ಕೋಳಿ, ಮೊಟ್ಟೆ ಮುಟ್ಟಿದ ಮೇಲೆ ಸೋಪಿನಿಂದ ಕೈ ತೊಳೆಯಬೇಕು. ಮಕ್ಕಳಿಗೂ ಈ ಅಭ್ಯಾಸ ಕಲಿಸಬೇಕು.

3. ಹಸಿ ಮಾಂಸವನ್ನು ನಲ್ಲಿಯ ಕೆಳಗೆ ತೊಳೆದರೆ ಹನಿ ಸಿಡಿದು ರೋಗಾಣು ಸುತ್ತಲೂ ಹರಡುತ್ತದೆ. ಮಾಂಸ ಹೆಚ್ಚಿದ ಚಾಕುವಿನಿಂದ ಹಾಗೆಯೇ ಸೌತೆಕಾಯಿ, ಈರುಳ್ಳಿ ಹೆಚ್ಚಬಾರದು.

4. ಮೂಳೆಯ ಬಳಿಯೂ ಚೆನ್ನಾಗಿ ಬೇಯಬೇಕು. ಬಿರುಕು ಬಿಟ್ಟ ಮೊಟ್ಟೆ ಬಳಸಬಾರದು.

5. ಹಸಿ ಕೋಳಿಗೊಬ್ಬರವನ್ನು ಕೊತ್ತಂಬರಿ, ಮೂಲಂಗಿಯಂತಹ ಹಸಿಯಾಗಿ ತಿನ್ನುವ ಬೆಳೆಗಳಿಗೆ ಹಾಕಬಾರದು. ಚೆನ್ನಾಗಿ ಕಳಿತ ಮೇಲೆಯೇ ಬಳಸಬೇಕು.

6. ಹಲವು ಕೋಳಿಗಳು ಒಮ್ಮೆಗೇ ಸತ್ತರೆ ಅವನ್ನು ಮಾರುವುದಾಗಲಿ ತಿನ್ನುವುದಾಗಲಿ ಕೂಡದು. ಕೂಡಲೇ ಪಶುವೈದ್ಯರಿಗೆ ತಿಳಿಸಬೇಕು.

ಇನ್ನೊಂದು ವಿಷಯ. ಕೋಳಿ ಬೇಗ ತೂಕ ಬರಲೆಂದು ಮೇವಿನಲ್ಲಿ ಆಂಟಿಬಯೋಟಿಕ್ ಬೆರೆಸುವವರಿದ್ದಾರೆ. ಇದರಿಂದ ರೋಗಾಣುಗಳು ಔಷಧಿಗೆ ಒಗ್ಗಿಹೋಗುತ್ತವೆ. ಬೇರಾವ ಔಷಧಿಯೂ ನಾಟದಾಗ ಮನುಷ್ಯರಿಗೆ ಕೊಡುವ ಕೊಲಿಸ್ಟಿನ್ ಅನ್ನು ಕೋಳಿಗಳಿಗೆ ಬಳಸುವುದನ್ನು ಕೇಂದ್ರ ಸರ್ಕಾರ 2019ರಲ್ಲಿ ನಿಷೇಧಿಸಿತು. ಪಶುವೈದ್ಯರು ಬರೆದುಕೊಟ್ಟ ಔಷಧಿಯನ್ನಷ್ಟೇ ಕೊಟ್ಟು, ಅವರು ಹೇಳಿದಷ್ಟು ದಿನ ಕಳೆದ ಮೇಲೆಯೇ ಕೋಳಿಯನ್ನು ಮಾರಬೇಕು.

ಕೋಳಿ ಸಾಕಣೆ ಕೈಬಿಡಬೇಕಾದ ಭಯವೇನೂ ಇದರಲ್ಲಿಲ್ಲ. ಗೂಡು, ಕೈ, ಚಾಕು ಈ ಮೂರನ್ನು ಶುದ್ಧವಾಗಿಟ್ಟುಕೊಂಡರೆ ಸಾಕಿದವರ ಮನೆಯೂ ಕೊಂಡವರ ಮನೆಯೂ ಸುರಕ್ಷಿತ.