ಬೀಗದ ಕೈ ಯಾರ ಕೈಲಿ?

(ವಿದ್ಯಾರ್ಥಿನಿಲಯದ ಗೆಳೆಯರ ಮುಂದೆ ಆಡಿದ ಮಾತು)

ಗೆಳೆಯರೇ,

ಅಮೆರಿಕದ ಕರಿಯರ ಸುದ್ದಿ ನಮಗ್ಯಾಕೆ ಅಂತ ನಿಮ್ಮಲ್ಲಿ ಕೆಲವರು ಕೇಳಬಹುದು. ಜೋತಿಬಾ ಫುಲೆಯವರು 1873ರಲ್ಲಿ ‘ಗುಲಾಮಗಿರಿ’ ಬರೆದಾಗ, ಕರಿಯರ ಬಿಡುಗಡೆಗಾಗಿ ದುಡಿದ ಅಮೆರಿಕದ ಜನರಿಗೇ ಅದನ್ನು ಅರ್ಪಿಸಿದರು. ಅವರ ನೋವು ನಮ್ಮ ನೋವಿಗೆ ನೆಂಟ ಅನ್ನೋದು ಆಗಲೇ ಗೊತ್ತಾಗಿತ್ತು. ಆ ಜನ ಒಂದು ಚರ್ಚು ಉಳಿಸಿಕೊಂಡ ಕಥೆಯನ್ನು ಇವತ್ತು ನಾವು ಹೇಳುತ್ತೇವೆ.

18ನೇ ಶತಮಾನದ ಕೊನೆ. ಫಿಲಡೆಲ್ಫಿಯಾ ಪಟ್ಟಣದ ಸೇಂಟ್ ಜಾರ್ಜ್ ಮೆಥಡಿಸ್ಟ್ ಚರ್ಚು. ಅದನ್ನು ಕಟ್ಟೋಕೆ ಕರಿಯರೂ ದುಡ್ಡು ಕೊಟ್ಟಿದ್ದರು. ದೇವರ ಮುಂದೆ ಎಲ್ಲರೂ ಒಂದೇ ಅಂತ ಅಲ್ಲಿ ಬೋಧನೆ. ಆದರೆ ಮೊಣಕಾಲೂರಿ ಪ್ರಾರ್ಥಿಸುತ್ತಿದ್ದ ಅಬ್ಸಲೋಮ್ ಜೋನ್ಸ್ ಎಂಬುವರನ್ನು, ಇದು ನಿನ್ನ ಜಾಗ ಅಲ್ಲ ಅಂತ ಹಿಡಿದೆಬ್ಬಿಸಿದರು. ಪ್ರಾರ್ಥನೆ ಮುಗಿಯೋ ತನಕ ತಾಳಿ ಅಂದರೂ ಕೇಳಲಿಲ್ಲ. ಪ್ರಾರ್ಥನೆ ಮುಗಿದ ಕೂಡಲೇ ಕರಿಯರೆಲ್ಲ ಒಟ್ಟಿಗೆ ಎದ್ದು ಹೊರನಡೆದರು. ಗುಡಿಯ ಹೊಸ್ತಿಲಾಚೆ ನಿಂತು ಬೆಳೆದ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಅವರಲ್ಲೊಬ್ಬರು ರಿಚರ್ಡ್ ಅಲೆನ್. ಗುಲಾಮರಾಗಿ ಹುಟ್ಟಿ, ದುಡ್ಡು ತೆತ್ತು ಬಿಡುಗಡೆಯಾದವರು. ಕಮ್ಮಾರನ ಒಂದು ಹಳೇ ಕಟ್ಟಡವನ್ನು ತಮ್ಮ ಜಾಗಕ್ಕೆ ಎಳೆಸಿ ತಂದು, 1794ರಲ್ಲಿ ಬೆತೆಲ್ ಚರ್ಚು ತೆರೆದರು. ಆದರೂ ಮೆಥಡಿಸ್ಟ್ ಪಂಗಡ ಬಿಡಲಿಲ್ಲ.

ಏಟು ಬಿದ್ದದ್ದು ಇಲ್ಲೇ. 1796ರಲ್ಲಿ ಚರ್ಚಿನ ನೋಂದಣಿಗೆ ಕಾಗದ ಬರೆದುಕೊಟ್ಟವರು ಬಿಳಿಯ ಪಾದ್ರಿ. ಇವರು ನಂಬಿದರು. ಸುಮಾರು ಹತ್ತು ವರ್ಷದ ಮೇಲೆ ಇನ್ನೊಬ್ಬ ಪಾದ್ರಿ ಬಂದು, ಬೀಗದ ಕೈ ಕೊಡಿ, ಪುಸ್ತಕಗಳನ್ನು ಕೊಡಿ, ನನ್ನ ಅಪ್ಪಣೆ ಇಲ್ಲದೆ ಸಭೆ ಸೇರಬೇಡಿ ಅಂದ. ವಕೀಲರ ಹತ್ತಿರ ಓದಿಸಿದರೆ, ಬೆವರು ಸುರಿಸಿ ಕಟ್ಟಿದ ಚರ್ಚು ಕಾಗದದಲ್ಲಿ ಪಂಗಡದ ಆಡಳಿತಕ್ಕೆ ಸೇರಿಹೋಗಿದೆ! ನಮ್ಮ ಅಜ್ಜಂದಿರು ಶಾನುಭೋಗರ ಮುಂದೆ ಹೆಬ್ಬೆಟ್ಟು ಒತ್ತಿದ ಹಾಗೇ.

ಆದರೆ ಅದೇ ಕಾಗದದಲ್ಲಿ ಒಂದು ಸಂದಿತ್ತು. ಸದಸ್ಯರಲ್ಲಿ ಮೂರರಲ್ಲಿ ಎರಡು ಪಾಲು ಒಪ್ಪಿದರೆ ಅದನ್ನು ತಿದ್ದಬಹುದಿತ್ತು. 1807ರಲ್ಲಿ ತಿದ್ದಿದರು. ಮೇಲಿನವರು ಸುಮ್ಮನಿರಲಿಲ್ಲ. ಬಂದು ಬೋಧಿಸೋಕೆ ವರ್ಷಕ್ಕೆ 600 ಡಾಲರ್ ಕೇಳಿದರು. 1815ರಲ್ಲಿ ಚರ್ಚನ್ನು ಹರಾಜಿಗಿಟ್ಟರು. ಅಲೆನ್ 10 ಸಾವಿರ ಡಾಲರಿಗೂ ಮೇಲೆ ಕೂಗಿ, ತಾವು ಕಟ್ಟಿದ್ದನ್ನು ತಾವೇ ಮತ್ತೆ ಕೊಂಡರು. ಬಿಳಿಯ ಪಾದ್ರಿ ಬಲವಂತವಾಗಿ ಬೋಧಿಸೋಕೆ ಬಂದಾಗ ಜನ ನಡುದಾರಿಗೇ ಅಡ್ಡ ನಿಂತರು. ವೇದಿಕೆ ಹತ್ತೋಕೆ ಬಿಡಲಿಲ್ಲ. ವ್ಯಾಜ್ಯ ಕೋರ್ಟಿಗೆ ಹೋಯಿತು. 1816ರ ಜನವರಿಯಲ್ಲಿ ಪೆನ್ಸಿಲ್ವೇನಿಯಾದ ಸುಪ್ರೀಂ ಕೋರ್ಟು ಬೆತೆಲ್ ಜನರ ಪರ ಹೇಳಿತು. ಅದೇ ಏಪ್ರಿಲಿನಲ್ಲಿ ಬೇರೆ ಊರುಗಳ ಕರಿಯ ಸಭೆಗಳೂ ಕೂಡಿ ಆಫ್ರಿಕನ್ ಮೆಥಡಿಸ್ಟ್ ಎಪಿಸ್ಕೋಪಲ್ ಚರ್ಚು ಅನ್ನೋ ಸ್ವಂತ ಪಂಗಡ ಕಟ್ಟಿದವು. ಅಲೆನ್ ಅದರ ಬಿಷಪ್ಪರಾದರು. ಆ ಪಂಗಡ ಇಂದಿಗೂ ಇದೆ.

ಗೆಳೆಯರೇ, ‘ನಿಮ್ಮನ್ನೂ ಒಳಗೆ ಸೇರಿಸಿಕೊಂಡಿದ್ದೀವಲ್ಲ’ ಅನ್ನುವವರ ಸೊಂಟದಲ್ಲಿ ಬೀಗದ ಕೈ ಇದೆಯಾ ನೋಡಬೇಕು. ಬೆತೆಲ್ ಜನ ಅಡ್ಡ ನಿಂತು ಗೆದ್ದರು, ನಿಜ. ಆದರೆ ಅಡ್ಡ ನಿಲ್ಲೋದಕ್ಕೆ ಮುಂಚೆ ಕಾಗದ ಓದಿಸಿದ್ದರು. ನಮಗೆ ಮಂಜೂರಾದ ಜಮೀನು ಕಂಡವರ ಪಾಲಾಗುತ್ತಿದ್ದುದಕ್ಕೇ ಕರ್ನಾಟಕದಲ್ಲಿ 1978ರ ಪರಭಾರೆ ನಿಷೇಧ ಕಾಯ್ದೆ ತರಬೇಕಾಯಿತು. ಕಾಯ್ದೆ ತಾನಾಗಿ ನಡೆದು ಹಟ್ಟಿಗೆ ಬರೋದಿಲ್ಲ.

ಈ ಸಲ ರಜೆಗೆ ಊರಿಗೆ ಹೋದಾಗ ಅಪ್ಪನ ಟ್ರಂಕು ತೆಗೆಯಿರಿ. ಮಂಜೂರಾತಿ ಪತ್ರ, ಪಹಣಿ ಓದಿ. ಯಾರ ಹೆಸರಿದೆ ನೋಡಿ. ಅವ್ವನಿಗೂ ಓದಿ ಹೇಳಿ. ನಾವು ಅಕ್ಷರ ಕಲಿತದ್ದು ಮೊದಲು ಅದಕ್ಕೆ.

ಜೈ ಭೀಮ್.